ಲೋಲಕದ ಪಾಠಕ್ಕೆ ಫೆಟ್, ಫೈಫಾಕ್ಸ್, ಓಲ್ಯಾಬ್ಸ್: ಯಾವುದು ಯಾವಾಗ?

ವಿಜ್ಞಾನದ ಪ್ರಯೋಗಗಳನ್ನು ಕಂಪ್ಯೂಟರ್ ಇಲ್ಲವೇ ಮೊಬೈಲಿನಲ್ಲಿ ಮಾಡಿಸುವ ಮೂರು ಸಾಧನಗಳಿವು. ಮೂರಕ್ಕೂ ಇಟ್ಟ ಪ್ರಶ್ನೆ ಒಂದೇ: ಲೋಲಕದ ಅವಧಿ, ಅಂದರೆ ಒಂದು ಪೂರ್ತಿ ತೂಗಾಟಕ್ಕೆ ಹಿಡಿಯುವ ಸಮಯ, ಯಾವುದರಿಂದ ಬದಲಾಗುತ್ತದೆ? ಷರತ್ತು ಎರಡು. ಸೂತ್ರ ಮೊದಲೇ ಬೋರ್ಡಿನ ಮೇಲೆ ಬರಬಾರದು. ಮಕ್ಕಳು ತಮ್ಮ ಊಹೆಯನ್ನು ಪಟ್ಟಿಯಲ್ಲಿ ಬರೆದಿಟ್ಟ ಮೇಲೇ ಪರದೆ ಮುಟ್ಟಬೇಕು.

ಓಲ್ಯಾಬ್ಸ್ ವಿಷಯ ಬೇಗ ಮುಗಿಯುತ್ತದೆ. ಅಮೃತ ವಿಶ್ವವಿದ್ಯಾಪೀಠ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಸೇರಿ ಮಾಡಿದ ತಾಣ ಇದು. ಸಿದ್ಧಾಂತ, ವಿಧಾನ, ಸಿಮ್ಯುಲೇಷನ್ (ಪರದೆಯ ಮೇಲಿನ ಅಣಕು ಪ್ರಯೋಗ), ವೈವಾ ಎಲ್ಲ ಸಾಲಾಗಿ ಸಿಗುತ್ತವೆ. ಪಿಯು ಪ್ರಾಕ್ಟಿಕಲ್ ರೆಕಾರ್ಡಿಗೆ ಒಳ್ಳೆಯದು. ಆದರೆ ಏನು ಅಳೆಯಬೇಕು, ಯಾವ ಕ್ರಮದಲ್ಲಿ ಎಂಬುದನ್ನೂ ಅದೇ ಹೇಳಿಬಿಡುತ್ತದೆ. ಹುಡುಕಲು ಏನೂ ಉಳಿಯುವುದಿಲ್ಲ.

ಫೆಟ್ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಿಮ್ಯುಲೇಷನ್ ತಾಣ. ಲೋಲಕದ ಫೈಲನ್ನು ಒಮ್ಮೆ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ನೆಟ್ ಬೇಡ. ಮಳೆಗಾಲದಲ್ಲಿ ಘಟ್ಟದ ಮೇಲಿನ ಶಾಲೆಗಳಿಗೆ ಇದು ಸಣ್ಣ ಅನುಕೂಲವಲ್ಲ. ಗುಂಡಿನ ತೂಕ ಎಷ್ಟೇ ಬದಲಿಸಿದರೂ ಅವಧಿ ಅಲ್ಲಾಡುವುದಿಲ್ಲ. ಹೆಚ್ಚಿನವರ ಮೊದಲ ಊಹೆ ಅಲ್ಲೇ ಬಿದ್ದುಹೋಗುತ್ತದೆ. ಕೋನದ್ದು ಇನ್ನೂ ಸ್ವಾರಸ್ಯ: ಘರ್ಷಣೆ ಸೊನ್ನೆಗಿಟ್ಟು 1 ಮೀಟರ್ ಉದ್ದಕ್ಕೆ 10 ಡಿಗ್ರಿಯಿಂದ ಬಿಟ್ಟರೆ 2.01 ಸೆಕೆಂಡು, 60 ಡಿಗ್ರಿಯಿಂದ ಬಿಟ್ಟರೆ 2.15. ‘ಕೋನಕ್ಕೂ ಅವಧಿಗೂ ಸಂಬಂಧವಿಲ್ಲ’ ಎಂದು ಬಾಯಿಪಾಠ ಮಾಡಿದವರು ಇಲ್ಲಿ ತಡವರಿಸುತ್ತಾರೆ. ಗುರುತ್ವದ ಪಟ್ಟಿಯಲ್ಲಿ ‘ಗ್ರಹ ಎಕ್ಸ್’ ಇದೆ, ಅದರ ಬೆಲೆ ತೋರಿಸುವುದಿಲ್ಲ. ಅದನ್ನು ಕಂಡುಹಿಡಿಯಲು ಹೇಳಿ. ಕೊರತೆ ಒಂದೇ: ಅಂಕಿಗಳು ಅತಿ ಶುದ್ಧ. ಎಷ್ಟು ಸಲ ಅಳೆದರೂ ಅದೇ ಉತ್ತರ ಬರುವಾಗ ಒಂದರ ಬದಲು 20 ಆಂದೋಲನ ಏಕೆ ಎಣಿಸಬೇಕೆಂದು ಯಾರೂ ಕೇಳುವುದಿಲ್ಲ.

ಆ ಪ್ರಶ್ನೆ ಹುಟ್ಟುವುದು ಫೈಫಾಕ್ಸಿನಲ್ಲಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ ಉಚಿತ ಆ್ಯಪ್ ಇದು. ಇಲ್ಲಿ ಮೊಬೈಲೇ ಗುಂಡು. ಮೊಬೈಲನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಅಡ್ಡವಾಗಿಟ್ಟು, ಎರಡು ತುದಿಗೂ ದಾರ ಕಟ್ಟಿ ಎರಡು ಮೊಳೆಗೆ ತೂಗಿಬಿಡಿ. ಒಂದೇ ದಾರವಾದರೆ ಮೊಬೈಲು ಗಿರಗಿರ ತಿರುಗಿ ಗ್ರಾಫ್ ಕೆಡುತ್ತದೆ. ಕೆಳಗೊಂದು ದಿಂಬು ಇರಲಿ. ಕೋನ 10 ಡಿಗ್ರಿ ದಾಟದಿರಲಿ. ಉದ್ದ ತುಂಬಿ ‘ಜಿ’ (ಗುರುತ್ವ ವೇಗೋತ್ಕರ್ಷ) ಪುಟ ತೆರೆದರೆ ಉತ್ತರ ಬರುತ್ತದೆ, ಹೆಚ್ಚಾಗಿ ತಪ್ಪು ಉತ್ತರ! ಮಕ್ಕಳು ಮೊಬೈಲಿನ ಮೇಲಂಚಿನವರೆಗೆ ಅಳೆದು 46 ಸೆಂ.ಮೀ. ಎನ್ನುತ್ತಾರೆ, ನಿಜವಾದ ಉದ್ದ ಮೊಬೈಲಿನ ನಡುವಿನವರೆಗೆ 50. ಆಗ ಜಿ 9.8 ಮೀ/ಸೆ² ಬರುವ ಬದಲು 9.0ಕ್ಕೆ ಇಳಿಯುತ್ತದೆ. ದಾರ ಓರೆಯಾಗಿದ್ದರೆ ದಾರದ ಗುಂಟ ಅಳೆಯುವುದೂ ತಪ್ಪು, ಮೊಳೆಗಳ ಮಟ್ಟದಿಂದ ನೇರ ಕೆಳಗೆ ಅಳೆಯಬೇಕು. ನೈಲಾನ್ ದಾರ ಭಾರಕ್ಕೆ ಹಿಗ್ಗುವುದರಿಂದ ಮೊಬೈಲು ತೂಗಿದ ಮೇಲೇ ಅಳೆಯಿರಿ. ಎಲ್ಲಿ ತಪ್ಪಿತು ಎಂದು ಹುಡುಕಲು ಒಂದು ಪೀರಿಯಡ್ ಪೂರ್ತಿ ಬಿಡಿ, ಉತ್ತರ ಹೇಳಬೇಡಿ. ಗೈರೊಸ್ಕೋಪ್ (ತಿರುಗುವಿಕೆ ಅಳೆಯುವ ಸಂವೇದಕ) ಇಲ್ಲದ ಅಗ್ಗದ ಮೊಬೈಲಿನಲ್ಲಿ ಈ ಪ್ರಯೋಗ ನಡೆಯುವುದಿಲ್ಲ, ಮೊದಲೇ ನೋಡಿಕೊಳ್ಳಿ.

ಹಾಗಾಗಿ ಮೊದಲ ದಿನ ಫೈಫಾಕ್ಸ್, ಗೊಂದಲ ಎದ್ದ ಮೇಲೆ ಒಂದೊಂದೇ ಅಂಶ ಬೇರ್ಪಡಿಸಲು ಫೆಟ್. ಓಲ್ಯಾಬ್ಸ್ ಪರೀಕ್ಷೆ ಹತ್ತಿರ ಬಂದಾಗ ಸಾಕು.

ಕಾರವಾರದ ಕಡಲತೀರದಲ್ಲಿ ಮತ್ತು ಶಿರಸಿಯಲ್ಲಿ ಜಿ ಬೇರೆ ಬಂದೀತೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇರೆಯೇ, ಆದರೆ ಸುಮಾರು 600 ಮೀಟರ್ ಎತ್ತರಕ್ಕೆ ಇಳಿಯುವುದು 0.002ರಷ್ಟು ಮಾತ್ರ. ಅದು ಕಾಣಬೇಕಾದರೆ 50 ಸೆಂ.ಮೀ. ಉದ್ದವನ್ನು 0.1 ಮಿ.ಮೀ.ವರೆಗೆ ಅಳೆಯಬೇಕು, ಮರದ ಮೀಟರ್ ಸ್ಕೇಲಿಗೆ ಅದು ಎಟುಕುವುದಿಲ್ಲ. ಈ ಲೆಕ್ಕವನ್ನೂ ಮಕ್ಕಳ ಕೈಯಿಂದಲೇ ಮಾಡಿಸಿ.