‘ರೆಡಿ ಟು ಫ್ಲೈ’ ಅಂತ ಕೊಡುವ ಕಂಟ್ರೋಲ್ ಲೈನ್ ವಿಮಾನ: ತಂತಿ ಎಳೆದು ನೋಡದೆ ಮೇಲೇರಿಸಬೇಡಿ

ಕೋಲಾರದ ಕಡೆ ಕಂಟ್ರೋಲ್ ಲೈನ್ ವಿಮಾನ ಹಾರಿಸಲು ಹೊರಟಿರುವವರು, ಅದರಲ್ಲೂ ಸೆಕೆಂಡ್ ಹ್ಯಾಂಡ್ ಕೊಳ್ಳಬೇಕು ಅಂತಿರುವವರು, ದುಡ್ಡು ಕೊಡುವ ಮೊದಲು ಇದನ್ನು ಓದಿ. ನಮ್ಮ ಮನೆಯ ಹುಡುಗನ ಕಣ್ಣು ಉಳಿದದ್ದೇ ದೊಡ್ಡದು.

ಗೊತ್ತಿಲ್ಲದವರಿಗೆ ಒಂದು ಮಾತು. ಈ ವಿಮಾನಕ್ಕೆ ರೇಡಿಯೋ ರಿಮೋಟ್ ಇರುವುದಿಲ್ಲ. ಹಾರಿಸುವವನು ನಡುವೆ ನಿಂತು ಹ್ಯಾಂಡಲ್ ಹಿಡಿಯುತ್ತಾನೆ. ಹ್ಯಾಂಡಲ್‌ನಿಂದ ಎರಡು ತೆಳ್ಳಗಿನ ಸ್ಟೀಲ್ ತಂತಿ ವಿಮಾನದ ಎಡ ರೆಕ್ಕೆಗೆ ಹೋಗುತ್ತವೆ. ವಿಮಾನ ಅವನ ಸುತ್ತ ತಿರುಗುತ್ತದೆ. ಒಂದು ತಂತಿ ಎಳೆದರೆ ಮೂತಿ ಮೇಲೆ, ಇನ್ನೊಂದು ಎಳೆದರೆ ಕೆಳಗೆ. ಅಷ್ಟೇ. ಹಾಗಾಗಿ ಒಂದು ತಂತಿ ಕಿತ್ತರೆ ಉಳಿದ ತಂತಿಯನ್ನು ವಿಮಾನವೇ ಜಗ್ಗುತ್ತದೆ. ಎಲಿವೇಟರ್, ಅಂದರೆ ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ, ಪೂರ್ತಿ ಒಂದು ಕಡೆಗೆ ತಿರುಗಿ ನಿಂತುಬಿಡುತ್ತದೆ. ಆಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಅಕ್ಕನ ಮಗ ಡಿಪ್ಲೊಮಾ ಓದುತ್ತಿದ್ದಾನೆ, ವಿಮಾನದ ಹುಚ್ಚು. ಅವನಿಗಾಗಿ ಒಬ್ಬರ ಹತ್ತಿರ 35 ಸೈಜಿನ (0.35 ಘನ ಇಂಚು) ಗ್ಲೋ ಇಂಜಿನ್, ಅಂದರೆ ಮೆಥನಾಲ್ ಇಂಧನದ ಪುಟ್ಟ ಇಂಜಿನ್ ಇರುವ ವಿಮಾನ ತೆಗೆದುಕೊಂಡೆವು. ತಂತಿ, ಹ್ಯಾಂಡಲ್ ಎಲ್ಲ ಸೇರಿತ್ತು. ‘ಸಾರ್, ಎಲ್ಲ ಟೆಸ್ಟ್ ಆಗಿದೆ, ಸಿಕ್ಕಿಸಿ ಹಾರಿಸೋದಷ್ಟೇ’ ಎಂದರು. ಮೊದಲ ಹಾರಾಟಕ್ಕೆ ತಾವೇ ಬರುತ್ತೇನೆ ಎಂದು ಬಂದರು ಕೂಡ.

2018ರಿಂದ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು, ಬರುತ್ತಿರುವುದರಿಂದ ಮೊದಲಿನಷ್ಟು ಒಣ ಕೆರೆ ಅಂಗಳ ನಮಗೆ ಸಿಗುವುದಿಲ್ಲ. ಬೋರ್‌ವೆಲ್‌ಗೆ ನೀರು ಬಂದರೆ ಸಂತೋಷವೇ, ಅದಕ್ಕೆ ಬೇಜಾರಿಲ್ಲ. ಆದರೆ ಈಗ ಉಳಿದಿರುವುದು ಖಾಲಿ ಲೇಔಟ್‌ಗಳು, ಅವುಗಳ ಪಕ್ಕದಲ್ಲೇ ಕರೆಂಟ್ ಲೈನ್. ಆ ಮನುಷ್ಯ ನೇರವಾಗಿ ಕಂಬದ ಪಕ್ಕವೇ ಜಾಗ ತೋರಿಸಿದರು. ನಾನು ಒಪ್ಪಲಿಲ್ಲ. ಸ್ಟೀಲ್ ತಂತಿ ಕರೆಂಟ್ ಲೈನಿಗೆ ತಗುಲಿದರೆ ಹ್ಯಾಂಡಲ್ ಹಿಡಿದವನ ಕಥೆ ಏನು? ಅಮೆರಿಕದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್ ನಿಯಮದ ಪ್ರಕಾರ ವಿದ್ಯುತ್ ಲೈನಿಗೂ ವಿಮಾನಕ್ಕೂ ಕನಿಷ್ಠ 50 ಅಡಿ ದೂರ ಇರಬೇಕು. ನಮ್ಮ ತಂತಿ 60 ಅಡಿ. ಅಂದರೆ ಹಾರಿಸುವವನು ನಿಲ್ಲುವ ಜಾಗದಿಂದ ಲೈನು 110 ಅಡಿಗಿಂತ ಜಾಸ್ತಿ ದೂರ ಇರಬೇಕು. ಜಾಗ ಬದಲಾಯಿಸಿದೆವು.

ಪುಲ್ ಟೆಸ್ಟ್ ಮಾಡೋಣ, ಅಂದರೆ ಹಾರಿಸುವ ಮೊದಲು ತಂತಿಯನ್ನು ಜೋರಾಗಿ ಎಳೆದು ನೋಡೋಣ ಎಂದೆ. ‘ಬೆಂಗಳೂರಿನಲ್ಲೇ ಮಾಡಿಕೊಂಡು ಬಂದಿದ್ದೀನಿ ಸಾರ್, ಸುಮ್ನೆ ಜಗ್ಗಿ ತಂತಿ ಹಾಳು ಮಾಡಬೇಡಿ’ ಎಂದರು. ಹೊಸಬರನ್ನು ಬಾಯಿ ಮುಚ್ಚಿಸುವುದು ಈ ಮಾತೇ. ಸರಿಯಾದ ತಂತಿ ಪುಲ್ ಟೆಸ್ಟಿನಿಂದ ಹಾಳಾಗುವುದಿಲ್ಲ. ಹಾಳಾಯಿತು ಅಂದರೆ ಅದು ಹಾರಲು ಲಾಯಕ್ಕಾಗಿರಲಿಲ್ಲ ಎಂದೇ ಅರ್ಥ.

ಆದರೂ ಅವತ್ತು ಅವರ ಮಾತು ಕೇಳಿ ಟೆಸ್ಟ್ ಮಾಡದೆಯೇ ಹಾರಿಸಿದೆವು. ಇಂಜಿನ್ ಚೆನ್ನಾಗಿ ಸ್ಟಾರ್ಟ್ ಆಯಿತು. ಹುಡುಗ ಕೆಲವು ಸುತ್ತು ನೀಟಾಗಿ ಹಾರಿಸಿದ. ವಿಮಾನ ಗಾಳಿ ಬೀಸುವ ಕಡೆ ಬಂದಾಗ ಸ್ವಲ್ಪ ಮೇಲೆತ್ತಲು ಹೋದ. ಟಪ್ ಅಂತ ಮೇಲೆತ್ತುವ ತಂತಿ ಕಿತ್ತಿತು. ವಿಮಾನ ಮೂತಿ ಕೆಳಗೆ ಮಾಡಿ ಪೂರ್ತಿ ವೇಗದಲ್ಲಿ ನೆಲಕ್ಕೆ ಬಡಿಯಿತು. ಕಿತ್ತ ತಂತಿ ಚಾಟಿಯ ಹಾಗೆ ವಾಪಸ್ ಬಂದು ಅವನ ಕೆನ್ನೆಗೆ ಬರೆ ಎಳೆಯಿತು, ಕಣ್ಣಿನ ಪಕ್ಕದಲ್ಲೇ. ನೋಡಲು ಬಂದಿದ್ದ ಮಕ್ಕಳನ್ನು ಸುತ್ತಿನಿಂದ ತುಂಬಾ ಹೊರಗೆ ನಿಲ್ಲಿಸಿದ್ದರಿಂದ ಬೇರೆ ಯಾರಿಗೂ ಏನೂ ಆಗಲಿಲ್ಲ. ಟ್ಯಾಂಕ್ ಒಡೆದು ಇಂಧನ ಒಣ ಹುಲ್ಲಿನ ಮೇಲೆ ಚೆಲ್ಲಿತ್ತು. ಅದರಲ್ಲಿ ಮೆಥನಾಲ್ ಇರುತ್ತದೆ, ಹಗಲಲ್ಲಿ ಅದರ ಬೆಂಕಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಬಿದ್ದ ವಿಮಾನದ ಹತ್ತಿರ ಯಾರೂ ಓಡಬಾರದು.

‘ನಿಮ್ಮ ಹುಡುಗ ಜಾಸ್ತಿ ಎಳೆದ’ ಎಂದರು ಆ ಮನುಷ್ಯ. ದುಡ್ಡು ವಾಪಸ್ ಕೊಡಲಿಲ್ಲ. ಕಿತ್ತ ತುದಿ ನೋಡಿದಾಗ ನಿಜ ಗೊತ್ತಾಯಿತು. ತಂತಿಯ ತುದಿ ಮಡಿಸಿ, ಆಸಿಡ್ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಆಮ್ಲ) ಹಾಕಿ ಬೆಸುಗೆ ಹಚ್ಚಿ, ಮೇಲೆ ಹಳದಿ ಸ್ಲೀವ್ (ಪ್ಲಾಸ್ಟಿಕ್ ಕೊಳವೆ) ಏರಿಸಿದ್ದರು. ತಂತಿ ಸಣ್ಣ ಎಳೆಗಳನ್ನು ಹೊಸೆದು ಮಾಡಿದ್ದು. ಎಳೆಗಳ ಸಂದಿಯಲ್ಲಿ ಉಳಿದ ಆಸಿಡ್ ಸ್ಟೀಲನ್ನು ತಿನ್ನುತ್ತಾ ಹೋಗುತ್ತದೆ. ಬೆಸುಗೆ ಮುಗಿಯುವ ಜಾಗದಲ್ಲಿ ತಂತಿ ಬಾಗುವ ಗುಣ ಕಳೆದುಕೊಳ್ಳುತ್ತದೆ. ನಮ್ಮದು ಸರಿಯಾಗಿ ಅಲ್ಲೇ ಕಿತ್ತಿತ್ತು, ಎಳೆಗಳು ಕಪ್ಪಾಗಿದ್ದವು. ತುದಿ ಮಾಡುವ ಸರಿಯಾದ ರೀತಿಯೇ ಬೇರೆ: ಕಣ್ಣಿಯ (ತುದಿಗೆ ಹಾಕುವ ಸಣ್ಣ ಲೋಹದ ಉಂಗುರ) ಸುತ್ತ ತಂತಿ ತಂದು, ತಾಮ್ರದ ತೆಳು ತಂತಿಯಿಂದ ಬಿಗಿಯಾಗಿ ಸುತ್ತಬೇಕು, ಅಥವಾ ಅಳತೆಗೆ ಸರಿಯಾದ ಕೊಳವೆ ಹಾಕಿ ಒತ್ತಬೇಕು.

ಲೆಕ್ಕ ನೋಡಿ. 1.2 ಕೆಜಿ ವಿಮಾನ 60 ಅಡಿ ತಂತಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸುತ್ತಿದರೆ ಕೈಗೆ ಬರುವ ಎಳೆತ ಸುಮಾರು 3 ಕೆಜಿ. ಗಾಳಿ ಬೀಸಿದರೆ, ದಿಢೀರ್ ತಿರುಗಿಸಿದರೆ ಇನ್ನೂ ಜಾಸ್ತಿ. ಅದಕ್ಕೇ ವಿಮಾನದ ತೂಕದ ಹತ್ತು ಪಟ್ಟು, ಅಂದರೆ 12 ಕೆಜಿ ಎಳೆದು ನೋಡಬೇಕು. ಒಬ್ಬರು ವಿಮಾನವನ್ನು ಬೆಲ್‌ಕ್ರ್ಯಾಂಕ್ (ಎರಡೂ ತಂತಿ ಸೇರುವ, ಒಳಗಿನ ತಿರುಗುವ ಸನ್ನೆ) ಇರುವ ಜಾಗದಲ್ಲಿ ಹಿಡಿಯಬೇಕು. ಇನ್ನೊಬ್ಬರು ಹ್ಯಾಂಡಲ್‌ಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಜಗ್ಗಬೇಕು. ಗುಜರಿಯವರ ಹತ್ತಿರ ಇರುತ್ತದಲ್ಲ, ಅದೇ ತಕ್ಕಡಿ ಸಾಕು. ಹ್ಯಾಂಡಲ್, ತುದಿಗಳು, ತಂತಿ, ಬೆಲ್‌ಕ್ರ್ಯಾಂಕ್ ಕೂರಿಸಿದ ಜಾಗ, ಎಲ್ಲದಕ್ಕೂ ಒಟ್ಟಿಗೇ ಪರೀಕ್ಷೆ ಆಗುತ್ತದೆ. ತಂತಿಯಲ್ಲಿ ಎಲ್ಲಾದರೂ ಮಡಿಕೆ ಬಿದ್ದಿದ್ದರೆ ಬಿಸಾಕಿ, ನೇರ ಮಾಡಿ ಬಳಸಬೇಡಿ.

ಆಮೇಲೆ ಬಿಚ್ಚಿ ನೋಡಿದರೆ ಆ ವಿಮಾನ ನಮ್ಮ ಕೈಗೆ ಬರುವ ಮೊದಲು ಯಾವತ್ತೂ ಹಾರಿರಲೇ ಇಲ್ಲ ಅನ್ನಿಸಿತು. ಎಲಿವೇಟರ್ ಹಿಂಜ್‌ಗಳು ಪೇಂಟ್ ತುಂಬಿ ಬಿಗಿಯಾಗಿದ್ದವು. ಎಲಿವೇಟರ್ ತನ್ನ ತೂಕಕ್ಕೇ ಕೆಳಗೆ ಬೀಳುವಷ್ಟು ಸಡಿಲ ಇರಬೇಕು. ಬಲ ರೆಕ್ಕೆಯ ತುದಿಯಲ್ಲಿ ತೂಕವೇ ಇರಲಿಲ್ಲ. ಎಡಗಡೆಯ ತಂತಿಯ ಭಾರಕ್ಕೆ ಅದು ಬೇಕೇ ಬೇಕು, ಇಲ್ಲದಿದ್ದರೆ ತಂತಿ ಸಡಿಲಾಗಿ ಹಿಡಿತ ತಪ್ಪುತ್ತದೆ. ಹ್ಯಾಂಡಲ್‌ಗೆ ಮಣಿಕಟ್ಟಿನ ಪಟ್ಟಿಯೂ ಇರಲಿಲ್ಲ, ಅದನ್ನು ನಾವೇ ಕಟ್ಟಿಕೊಂಡಿದ್ದೆವು.

ಅಂಥದ್ದೇ ಇನ್ನೊಂದು ವಿಮಾನ ಈಗ ಮತ್ತೆ ಮಾರಾಟಕ್ಕಿದೆ, ಫೋಟೋದಲ್ಲಿ ತಂತಿಯ ತುದಿಗೆ ಅದೇ ಹಳದಿ ಸ್ಲೀವ್. ನೋಡಲು ಹೋದರೆ ಮೊದಲು ಅದನ್ನು ಬ್ಲೇಡ್‌ನಿಂದ ಸೀಳಿ ತೋರಿಸಿ ಎನ್ನಿ. ಒಪ್ಪದಿದ್ದರೆ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ತೆಗೆದುಕೊಳ್ಳಬೇಡಿ.