ಇಸಾಂಡ್ಲ್‌ವಾನಾ ರಣಭೂಮಿ: ಜುಲುಗಳು ಬಂದ ದಾರಿಯಿಂದಲೇ ನೋಡಿ

ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್‌ನಲ್ಲಿರುವ ಈ ರಣಭೂಮಿಗೆ ಗೈಡ್ ಇಲ್ಲದೆ ಹೋಗಬೇಡಿ. ಹೋದರೆ ಕಾಣುವುದು ಒಂದು ಕಲ್ಲುಗುಡ್ಡ, ಹುಲ್ಲುಬಯಲು, ಬ್ರಿಟಿಷರನ್ನು ಹೂಳಿದ ಜಾಗದಲ್ಲಿ ಬಿಳಿ ಬಳಿದ ಕಲ್ಲುಗುಪ್ಪೆಗಳು, ಅಷ್ಟೇ. 1879ರ ಜನವರಿ 22ರಂದು ಸ್ಥಳೀಯ ಜುಲು ರಾಜ್ಯದ ಸುಮಾರು 20,000 ಯೋಧರು ಇಲ್ಲಿನ ಬ್ರಿಟಿಷ್ ಶಿಬಿರವನ್ನು ನಿರ್ನಾಮ ಮಾಡಿದರು; ಶಿಬಿರದ ಸುಮಾರು 1,800 ಮಂದಿಯಲ್ಲಿ 1,300ಕ್ಕೂ ಹೆಚ್ಚು ಜನ ಸತ್ತರು.

ಗೈಡ್ ಗೊತ್ತುಮಾಡುವ ಮೊದಲು ವಿವರಣೆ ಎಲ್ಲಿಂದ ಶುರುವಾಗುತ್ತದೆ ಎಂದು ಕೇಳಿ. ಗುಡ್ಡದ ಬುಡದಿಂದ ಎಂದರೆ ಕೇಳಸಿಗುವುದು ಸೋತವರ ಕಥೆ ಮಾತ್ರ. ಈಶಾನ್ಯದ ಎತ್ತರದ ಬಯಲಿಗೆ ಕರೆದೊಯ್ಯುವವರನ್ನೇ ಹಿಡಿಯಿರಿ. ಅದರಾಚೆಯ ಎನ್‌ಗ್ವೆಬೆನಿ ಕಣಿವೆಯಲ್ಲಿ ಇಡೀ ಜುಲು ಸೈನ್ಯ ಸದ್ದಿಲ್ಲದೆ ಕೂತಿತ್ತು. ನಡುವೆ ಎದೆ, ಇಕ್ಕೆಲದಲ್ಲಿ ಕೊಂಬು, ಹಿಂದೆ ಮೀಸಲು ಪಡೆ: ಗೂಳಿಯ ಆಕಾರದ ಈ ವ್ಯೂಹ ಮೇಲಿಂದ ನೋಡಿದರೇ ಅರ್ಥವಾಗುವುದು. ಬಲಗೊಂಬು ಗುಡ್ಡದ ಹಿಂಬದಿ ಸುತ್ತಿ, ನದಿದಾಟಿನ ಬ್ರಿಟಿಷ್ ನೆಲೆಯಾದ ರೋರ್ಕ್ಸ್ ಡ್ರಿಫ್ಟ್‌ಗೆ ಹೋಗುವ ರಸ್ತೆಯನ್ನು ಕಡಿದುಹಾಕಿತು.

ಎದೆಭಾಗ ಗುಂಡಿನ ಸುರಿಮಳೆಗೆ ಸಿಕ್ಕಿ ನೆಲಕ್ಕಂಟಿದಾಗ ಜುಲು ಸೇನಾನಿ ಎನ್‌ಚಿಂಗ್ವಾಯೋ ಬಂಡೆಯ ಮೇಲಿಂದ ಮುಖಂಡ ಮ್ಖೋಸಾನಾ ಬಿಯೆಲಾನನ್ನು ಕೆಳಕ್ಕೆ ಅಟ್ಟಿದ. ಅವನು ನೆಟ್ಟಗೆ ನಿಂತು ಯೋಧರನ್ನು ಹುರಿದುಂಬಿಸಿದ. ಅವರು ಎದ್ದು ನುಗ್ಗಿದರು, ಅವನು ಗುಂಡೇಟಿಗೆ ಬಿದ್ದ. ಈ ಹೆಸರನ್ನೇ ಎತ್ತದ ಗೈಡ್‌ಗೆ ನಾವಂತೂ ಪೂರ್ತಿ ಅಂಕ ಕೊಡುವುದಿಲ್ಲ.

ಮದ್ದಿನ ಪೆಟ್ಟಿಗೆ ತೆರೆಯಲು ಸ್ಕ್ರೂಡ್ರೈವರ್ ಇರಲಿಲ್ಲ, ಅದಕ್ಕೇ ಬ್ರಿಟಿಷರು ಸೋತರು ಎಂಬ ಮಾತು ಕಿವಿಗೆ ಬಿದ್ದರೆ ನಂಬಬೇಡಿ. ಮುಚ್ಚಳಕ್ಕಿದ್ದದ್ದು ಒಂದೇ ಹಿತ್ತಾಳೆ ಸ್ಕ್ರೂ. ಬಲವಾಗಿ ಗುದ್ದಿದರೆ ಕಿತ್ತುಬರುತ್ತಿತ್ತು. ಬ್ರಿಟಿಷ್ ಸೇನಾಪತಿ ಚೆಲ್ಮ್ಸ್‌ಫರ್ಡ್ ಬೆಳಗಾಗುವ ಮೊದಲೇ ಅರ್ಧ ಸೈನ್ಯ ಕರೆದುಕೊಂಡು ಹೋಗಿದ್ದ. ಶಿಬಿರಕ್ಕೆ ಕಂದಕವಿಲ್ಲ, ಬಂಡಿಗಳ ಕೋಟೆಯಿಲ್ಲ. ಸಿಪಾಯಿಗಳ ಸಾಲು ಶಿಬಿರದಿಂದ ದೂರದಲ್ಲಿ ತೆಳ್ಳಗೆ ಹರಡಿತ್ತು. ಬಲತುದಿಯ ಕೊರಕಲಿನಲ್ಲಿ ಎಡಗೊಂಬನ್ನು ತಡೆದಿದ್ದ ಬ್ರಿಟಿಷ್ ಅಧಿಕಾರಿ ಡರ್ನ್‌ಫರ್ಡ್ ಗುಂಡು ಮುಗಿದು ಹಿಂದೆ ಸರಿದದ್ದೇ ತಡ, ಆ ಸಾಲಿನ ಬಲಬದಿ ಪೂರ್ತಿ ತೆರೆದುಕೊಂಡಿತು. ಆ ಕೊರಕಲಿಗೆ ಇಳಿದು ನಿಂತು ನೋಡಿ, ದೂರಗಳು ಕಣ್ಣಳತೆಗೆ ಸಿಗುತ್ತವೆ.

ಸತ್ತ ಜುಲುಗಳೂ ಸಾವಿರದ ಆಸುಪಾಸು. ಅವರನ್ನು ಕೊರಕಲುಗಳಲ್ಲಿ, ಕಾಳಿನ ಹಗೇವುಗಳಲ್ಲಿ ಹೂತರು, ಅಲ್ಲಿ ಗುರುತುಕಲ್ಲುಗಳಿಲ್ಲ. ಅವರಿಗೆಂದು ಸ್ಮಾರಕ ಎದ್ದದ್ದು 1999ರಲ್ಲಿ, ಜುಲು ಯೋಧರಿಗೆ ಶೌರ್ಯಕ್ಕಾಗಿ ಕೊಡುತ್ತಿದ್ದ ಕೊರಳಸರದ ಕಂಚಿನ ರೂಪದಲ್ಲಿ. ಅದೂ 120 ವರ್ಷ ತಡವಾಗಿ.

ನೆರಳು ಕಡಿಮೆ, ಟೋಪಿ, ನೀರು, ಗಟ್ಟಿ ಬೂಟು ಬೇಕು. ರೋರ್ಕ್ಸ್ ಡ್ರಿಫ್ಟ್ ಅಲ್ಲಿಂದ ಸುಮಾರು 15 ಕಿ.ಮೀ. ಸುಮಾರು 150 ಬ್ರಿಟಿಷರು ತಡೆದು ನಿಂತ ಆ ಜಾಗಕ್ಕೆ ಮಧ್ಯಾಹ್ನ ಹೋದರೆ ಸಾಕು. ಬೆಳಗಿನ ಹೊತ್ತು ಪೂರ್ತಿ ಇಸಾಂಡ್ಲ್‌ವಾನಾಕ್ಕೇ ಇರಲಿ.