ವಯೇಹೊ ಮಾಡೆಲ್ ಕಲರ್: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ಮೇಜಿನ ಮೇಲೆ ಆಡುವ ಯುದ್ಧದಾಟದ ಪುಟ್ಟ ಸೈನಿಕ ಬೊಂಬೆಗಳಿಗೆ ಬಣ್ಣ ಹಚ್ಚಲು ಹೊರಟವರು ಮೊದಲು ಕೇಳುವುದೇ "ಯಾವ ಸೆಟ್ ತಗೊಳ್ಳಲಿ?" ಅಂತ. ಸೆಟ್ ಬೇಡ, ಬಿಡಿ ಬಾಟಲಿ ತಗೊಳ್ಳಿ. ದೊಡ್ಡ ಸೆಟ್ಟಿನಲ್ಲಿ ಅರ್ಧದಷ್ಟು ಬಣ್ಣಗಳ ಮುಚ್ಚಳವನ್ನೇ ಯಾರೂ ತೆಗೆಯುವುದಿಲ್ಲ.

ಸ್ಪೇನಿನ ವಯೇಹೊ ಕಂಪನಿಯ ಮಾಡೆಲ್ ಕಲರ್ ಅಕ್ರಿಲಿಕ್ ಬಣ್ಣಗಳನ್ನು ಬೆಂಗಳೂರಿನಲ್ಲಿ ಕೂತು ವರ್ಷಗಳಿಂದ ಬಳಸುತ್ತಿದ್ದೇನೆ. ಬಾಟಲಿ ನೋಡಲು ಚಿಕ್ಕದು, ಆದರೆ 28 ಮಿಲಿಮೀಟರ್ ಅಳತೆಯ ಬೊಂಬೆಗೆ ಒಂದೆರಡು ಹನಿ ಸಾಕು. ನಾನು ಮೊದಲು ಕೊಂಡ ಕಪ್ಪು ಬಣ್ಣ ಇನ್ನೂ ಮುಗಿದಿಲ್ಲ. ಇದಕ್ಕೆ ಮುಖ್ಯ ಕಾರಣ ಬಾಟಲಿಯ ಸಣ್ಣ ಮೂತಿ. ಬೇಕಾದಷ್ಟೇ ಹನಿ ಹಿಂಡಿ ಮುಚ್ಚಿಡಬಹುದು, ಒಳಗೆ ಗಾಳಿಯಾಡುವುದಿಲ್ಲ. ಅಗಲ ಬಾಯಿಯ ಡಬ್ಬಿಯಾದರೆ ಅಂಚಿನಲ್ಲಿ ಬಣ್ಣ ಒಣಗಿ, ಮುಚ್ಚಳ ಸರಿಯಾಗಿ ಕೂರದೆ, ನಿಧಾನವಾಗಿ ಎಲ್ಲಾ ಗಟ್ಟಿಯಾಗುತ್ತದೆ.

ಆದರೆ ಬಾಟಲಿಯನ್ನು ಚೆನ್ನಾಗಿ ಕುಲುಕಲೇಬೇಕು. ನಿಂತಲ್ಲೇ ನಿಂತ ಬಣ್ಣದ ಪುಡಿ ತಳ ಸೇರುತ್ತದೆ, ಮೊದಲ ಹನಿಯಲ್ಲಿ ಬರೀ ಅಂಟುನೀರು ಬರುತ್ತದೆ. ಅದನ್ನು ಹಚ್ಚಿದರೆ ಹೊಳಪಿಲ್ಲದೆ ಮ್ಯಾಟ್ ಇರಬೇಕಾದ ಪದರ ಮಿರಮಿರ ಹೊಳೆಯುತ್ತದೆ. ಬಾಟಲಿಯೊಳಗೆ ಸ್ಟೇನ್‌ಲೆಸ್ ಸ್ಟೀಲಿನ ಚಿಕ್ಕ ಗುಂಡು ಒಂದೆರಡು ಹಾಕಿಟ್ಟರೆ ಕೆಲಸ ಸಲೀಸು.

ಆರಂಭಕ್ಕೆ ಏನು ಕೊಳ್ಳಬೇಕು? (ಸಂಖ್ಯೆಗಳು ಬಾಟಲಿಯ ಮೇಲಿರುವ ವಯೇಹೊ ಬಣ್ಣದ ಸಂಖ್ಯೆಗಳು) 70.950 ಕಪ್ಪು, 70.951 ಬಿಳಿ, 70.957 ಫ್ಲಾಟ್ ರೆಡ್ ಎಂಬ ಕೆಂಪು, ಮುಖ-ಕೈಗೆ ಒಂದು ಮೈಬಣ್ಣ, ಒಂದು ಕಂದು, ಒಂದು ಬೂದು, ಒಂದು ಉಕ್ಕಿನ ಬಣ್ಣ. ಇದರ ಜೊತೆ ಕಂದು ವಾಶ್, ಅಂದರೆ ನೀರಿನಂಥ ತೆಳು ಬಣ್ಣ, ಒಂದು ಖಂಡಿತ ಇರಲಿ. ನಾನು ಬಳಸುವುದು ಸಿಟಾಡೆಲ್ ಬ್ರ್ಯಾಂಡಿನ ಅಗ್ರಾಕ್ಸ್ ಅರ್ತ್‌ಶೇಡ್. ವಾಶ್ ತಾನಾಗಿಯೇ ಮಡಿಕೆಗಳಿಗೆ ಇಳಿದು ನೆರಳು ಕೊಡುತ್ತದೆ. ಸಮತಟ್ಟಾದ ಜಾಗದಲ್ಲಿ ನಿಂತರೆ ಮಾತ್ರ, ಒಣಗುವ ಮುಂಚೆಯೇ ತೇವದ ಬ್ರಷ್ಷಿನಿಂದ ಹೀರಿ ತೆಗೆಯಿರಿ.

ನಾನು ಹೆಚ್ಚು ಹಚ್ಚಿದ್ದು ನೆಪೋಲಿಯನ್ ಕಾಲದ ಬ್ರಿಟಿಷ್ ಪದಾತಿಗಳಿಗೆ. ಹೊಸಬರಿಗೆ 33ನೇ ರೆಜಿಮೆಂಟನ್ನೇ ಶಿಫಾರಸು ಮಾಡುತ್ತೇನೆ. ಬೇರೆ ಹೆಚ್ಚಿನ ರೆಜಿಮೆಂಟುಗಳ ಕಾಲರ್, ಕಫ್ ಹಳದಿಯೋ ಹಸಿರೋ ನೀಲಿಯೋ ಆಗಿರುತ್ತಿದ್ದವು. 33ರವರದು ಕೋಟಿನಂತೆಯೇ ಕೆಂಪು, ಕೆಲಸ ಅರ್ಧ ಕಡಿಮೆ. ನಮಗೂ ಇದು ಅಪರಿಚಿತ ಪಡೆಯಲ್ಲ. 1799ರಲ್ಲಿ ತನ್ನ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಜೊತೆ ಶ್ರೀರಂಗಪಟ್ಟಣಕ್ಕೆ ಬಂದದ್ದು ಇದೇ ರೆಜಿಮೆಂಟು. 1815ರಲ್ಲಿ ನೆಪೋಲಿಯನ್ ಸೋತ ವಾಟರ್ಲೂನಲ್ಲೂ ಇತ್ತು. ಆದರೆ ವಾಟರ್ಲೂ ಬೊಂಬೆಗಳನ್ನು ಶ್ರೀರಂಗಪಟ್ಟಣದ ಕೋಟೆಯ ಮುಂದೆ ನಿಲ್ಲಿಸಬೇಡಿ, ಆ ಹೊತ್ತಿಗೆ ಟೋಪಿ, ಸಮವಸ್ತ್ರ ಎಲ್ಲಾ ಬದಲಾಗಿತ್ತು.

ಕೆಂಪು ಬಣ್ಣಕ್ಕೆ ತಾಳ್ಮೆ ಬೇಕು. ಯಾವ ಕಂಪನಿಯದ್ದಾದರೂ ಕೆಂಪು, ಹಳದಿ ಕಪ್ಪಿನ ಮೇಲೆ ಬೇಗ ಕೂರುವುದಿಲ್ಲ. ಮೊದಲು ಕೆಂಗಂದು ಹಚ್ಚಿ, ಅದರ ಮೇಲೆ ಕೆಂಪನ್ನು ಹಾಲಿನ ಹದಕ್ಕೆ ನೀರು ಬೆರೆಸಿ ಎರಡು ಸಲ ತೆಳ್ಳಗೆ ಎಳೆಯಿರಿ. ಒಂದೇ ಸಲ ದಪ್ಪಗೆ ಬಳಿದರೆ ಗುಂಡಿ, ಮಡಿಕೆ ಎಲ್ಲಾ ಮುಚ್ಚಿಹೋಗುತ್ತವೆ.

ಬೊಂಬೆಗೆ ಜೀವ ಬರುವುದು ಎದೆಯ ಮೇಲಿನ ಬಿಳಿ ಅಡ್ಡಪಟ್ಟಿಗಳಲ್ಲಿ. ಕೆಂಪಿನ ಮೇಲೆ ನೇರ ಬಿಳಿ ಎಳೆಯಬೇಡಿ. ಪಟ್ಟಿಯ ಜಾಗಕ್ಕೆ ಮೊದಲು ಗಾಢ ಕಂದು ಬಳಿಯಿರಿ. ಅದರೊಳಗೆ ತಿಳಿಬೂದು ಎಳೆಯುವಾಗ ಎರಡೂ ಅಂಚಿನಲ್ಲಿ ಕೂದಲೆಳೆಯಷ್ಟು ಕಂದು ಉಳಿಸಿ. ಕೊನೆಗೆ ಪಟ್ಟಿ ಭುಜ ಏರುವ ಕಡೆ ಮಾತ್ರ ಬಿಳಿ ಮುಟ್ಟಿಸಿ. ಆ ಕಂದು ಗೆರೆಯಿಂದಾಗಿಯೇ ಆಟದ ಮೇಜಿನ ಆಚೆ ನಿಂತವರಿಗೂ ಪಟ್ಟಿ ಬೇರೆ, ಕೋಟು ಬೇರೆ ಎಂದು ಕಾಣುತ್ತದೆ. ಕಣ್ಣುಗುಡ್ಡೆಗಾಗಿ ಒದ್ದಾಡುವ ಸಮಯವನ್ನು ಇದಕ್ಕೆ ಕೊಡಿ. ಈ ಅಳತೆಯಲ್ಲಿ ಕಣ್ಣು ಯಾರಿಗೂ ಕಾಣುವುದಿಲ್ಲ, ಪಟ್ಟಿ ಎಲ್ಲರಿಗೂ ಕಾಣುತ್ತದೆ.

ನಮ್ಮ ಹವೆಗೆ ಸಂಬಂಧಿಸಿದ ಎರಡು ಮಾತು. ಮಾರ್ಚ್, ಏಪ್ರಿಲ್‌ನಲ್ಲಿ ತಟ್ಟೆಯ ಮೇಲಿನ ಬಣ್ಣ ನೋಡನೋಡುತ್ತಲೇ ಒಣಗುತ್ತದೆ. ಚಪ್ಪಟೆ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್ ಹಾಸಿದರೆ ವೆಟ್ ಪ್ಯಾಲೆಟ್ ತಯಾರು. ಮುಚ್ಚಿಟ್ಟರೆ ಮರುದಿನವೂ ಅದೇ ಬಣ್ಣ ಬಳಸಬಹುದು. ಮೇಣದ ಕಾಗದ ಹಾಕಬೇಡಿ, ನೀರು ಮೇಲೆ ಬರುವುದಿಲ್ಲ. ಉಕ್ಕಿನ ಬಣ್ಣವನ್ನು ಬೇರೆ ತಟ್ಟೆಯಲ್ಲೇ ಇಡಿ, ಇಲ್ಲದಿದ್ದರೆ ಅದರ ಮಿನುಗು ಹರಿದು ಎಲ್ಲಾ ಬಣ್ಣ ಕೆಡಿಸುತ್ತದೆ.

ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೂ ಮೊದಲು ಹಚ್ಚುವ ತಳಪದರ) ನಂಬಬೇಡಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಮೈಯೆಲ್ಲಾ ತರಿತರಿಯಾಗುತ್ತದೆ, ಅದನ್ನು ಸರಿಪಡಿಸುವುದು ಕಷ್ಟ. ಜೂನ್‌ನಿಂದ ನಾನು ಬ್ರಷ್ಷಿನಲ್ಲಿ ಹಚ್ಚುವ ವಯೇಹೊ ಸರ್ಫೇಸ್ ಪ್ರೈಮರ್ ಬಳಸುತ್ತೇನೆ. ತೆಳ್ಳಗೆ ಹಚ್ಚಿ ಒಂದು ದಿನ ಪೂರ್ತಿ ಬಿಟ್ಟರೆ ಗಟ್ಟಿಯಾಗಿ ಹಿಡಿಯುತ್ತದೆ. ಆತುರಪಟ್ಟು ಉಗುರು ತಾಗಿಸಿದರೆ ಸಿಪ್ಪೆಯಾಗಿ ಏಳುತ್ತದೆ.

ಬ್ರಷ್ಷಿನ ತುದಿಯನ್ನು ಬಾಯಿಗಿಟ್ಟು ಚೂಪು ಮಾಡುವ ಅಭ್ಯಾಸ ಹಚ್ಚಿಕೊಳ್ಳಬೇಡಿ. ಬ್ರಷ್ಷಿನ ಕೂದಲು ಹಿಡಿದಿರುವ ತಗಡಿನೊಳಗೆ ಬಣ್ಣ ಹೋಗಲು ಬಿಡಬೇಡಿ, ಅಲ್ಲಿ ಒಣಗಿದರೆ ತುದಿ ಮತ್ತೆ ಕೂಡುವುದಿಲ್ಲ.

ಕೊಳ್ಳುವಾಗ ಲೇಬಲ್ ನೋಡಿ. ಮಾಡೆಲ್ ಏರ್ ಎಂದಿದ್ದರೆ ಅದು ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿಗೆ ಮಾಡಿದ್ದು, ಕೈ ಬ್ರಷ್ಷಿಗೆ ತೀರಾ ನೀರಾಗುತ್ತದೆ. ಗೇಮ್ ಕಲರ್ ಎಂದಿದ್ದರೆ ಬಣ್ಣ ಹೆಚ್ಚು ಢಾಳು. ರಾಕ್ಷಸರಿಗೆ, ಮಾಂತ್ರಿಕರಿಗೆ ಅದೇ ಚೆನ್ನ. ಇತಿಹಾಸದ ಸೈನಿಕರಿಗೆ ಮಾಡೆಲ್ ಕಲರ್ ತಗೊಳ್ಳಿ.